ಅಂಚೆಮುದ್ರೆಯಲ್ಲಿ ಮನೆತನದ ಬಳ್ಳಿ

ಅಂಚೆಚೀಟಿಗಳ ಸಂಗ್ರಹವು ಮಕ್ಕಳ ಆಟವೆಂದೇ ನಮ್ಮ ಬಹುತೇಕ ಮನೆಗಳಲ್ಲಿ ಭಾವಿಸಲಾಗಿದೆ. ಬಣ್ಣಬಣ್ಣದ ಚೀಟಿಗಳನ್ನು ಲಕೋಟೆಯಿಂದ ಬಿಡಿಸಿ, ನೀರಿನಲ್ಲಿ ನೆನೆಯಿಟ್ಟು, ಒಣಗಿಸಿ, ಪುಸ್ತಕದಲ್ಲಿ ಅಂಟಿಸುವುದಕ್ಕೆ ಸಂಗ್ರಹವೆಂದು ಹೆಸರು. ಬಿಡಿಸಿದ ಮೇಲೆ ಉಳಿದ ಲಕೋಟೆ ಒಲೆಗೆ ಹೋಗುತ್ತದೆ; ಒಳಗಿನ ಕಾಗದ ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಆದರೆ ಆ ಲಕೋಟೆಯು ಇಡಿಯಾಗಿ ಉಳಿದಿದ್ದರೆ ಅದು ಏನನ್ನು ಹೇಳಬಲ್ಲದು ಎಂಬುದನ್ನು ನಾವು ಯೋಚಿಸಿದವರೇ ಕಡಿಮೆ. ಯಾವ ಊರಿನಿಂದ ಯಾವ ಊರಿಗೆ, ಯಾವ ದಿನ, ಯಾರ ಆಳ್ವಿಕೆಯಲ್ಲಿ, ಯಾರು ಯಾರಿಗೆ ಬರೆದರೆಂಬ ಐದು ಸಂಗತಿಗಳು ಅಂಗೈಯಗಲದ ಆ ಕಾಗದದ ಮೇಲೆ ಏಕಕಾಲದಲ್ಲಿ ದಾಖಲಾಗಿರುತ್ತವೆ. ಮನೆತನದ ಇತಿಹಾಸವನ್ನು ಅರಸುವವರಿಗೆ ಇದಕ್ಕಿಂತ ನಿಷ್ಪಕ್ಷಪಾತಿಯಾದ ಸಾಕ್ಷಿ ದೊರೆಯುವುದು ದುರ್ಲಭ.

ನಮ್ಮ ಸಮಾಜದಲ್ಲಿ ವಂಶಾವಳಿಗೆ ಕೊರತೆಯೇನೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಅಂಗಳದಲ್ಲಿ ನಿಂತು ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಮಗುವಿನವರೆಗೆ ಹೆಸರುಗಳನ್ನು ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. ಅವರ ಉಪಕಾರವನ್ನು ನಾವು ಮರೆಯಲಾಗದು. ಆದರೆ ಅವರು ಹೇಳುವ ಬಳ್ಳಿ ಬಹುಮಟ್ಟಿಗೆ ಗಂಡುಸಂತತಿಯ ಬಳ್ಳಿ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಹಬ್ಬುತ್ತದೆ. ಮನೆಯಿಂದ ಹೊರಗೆ ಕೊಟ್ಟ ಹೆಣ್ಣುಮಕ್ಕಳು ಯಾವ ಊರು ಸೇರಿದರು, ಅವರ ಮಕ್ಕಳು ಎಲ್ಲಿ ನೆಲೆಸಿದರು ಎಂಬುದು ಆ ಪುಸ್ತಕದಲ್ಲಿ ಸಿಗುವುದು ಅಪರೂಪ. ಆ ಎಳೆ ಉಳಿದಿರುವುದು ಬೇರೊಂದು ಕಡೆ: ನಡುಮನೆಯ ಗೋಡೆಯಲ್ಲಿ ತೂಗಿಬಿಟ್ಟ ಕೊಕ್ಕೆತಂತಿಗೆ ಚುಚ್ಚಿಟ್ಟ ಕಾಗದಗಳಲ್ಲಿ. ಗಂಡುಮಕ್ಕಳ ಬಳ್ಳಿ ಹೆಳವರ ಪುಸ್ತಕದಲ್ಲಿದ್ದರೆ, ಹೆಣ್ಣುಮಕ್ಕಳ ಬಳ್ಳಿ ಟಪಾಲಿನ ತಂತಿಯಲ್ಲಿದೆ. ಈ ಲೇಖನದ ಸಾರಾಂಶವೇ ಇಷ್ಟು.

ಅಂಚೆಯೋ, ಟಪಾಲೋ?

ಕಾಗದಗಳನ್ನು ಬಿಚ್ಚುವ ಮೊದಲು ಒಂದು ಶಬ್ದದ ವಿಚಾರವನ್ನು ನೋಡಬೇಕು. ಹಳೆಯ ಮೈಸೂರಿನ ಹಿರಿಯರು ಅಂಚೆ ಎನ್ನುತ್ತಾರೆ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯ ಹಿರಿಯರು ಟಪಾಲು ಎನ್ನುತ್ತಾರೆ. ಇದು ಕೇವಲ ಮಾತಿನ ರೂಢಿಯಲ್ಲ, ಆಡಳಿತದ ಗುರುತು. ಮೈಸೂರು ಸಂಸ್ಥಾನದಲ್ಲಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೆ ಸಂಸ್ಥಾನದ ಸ್ವಂತ ಸೇವೆಯಾಗಿಯೇ ನಡೆಯಿತು. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಟಪಾಲಿಗೆ ಇದ್ದ ‘ಅಂಚಲ್’ ಎಂಬ ಹೆಸರು ಇದೇ ಶಬ್ದದ ಬಂಧು. ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ನಮ್ಮ ಉತ್ತರದ ಜಿಲ್ಲೆಗಳಿಗೆ ಟಪಾಲು ಎಂಬ ಮಾತು ಮರಾಠಿಯ ಸಹವಾಸದಲ್ಲಿ ರೂಢಿಯಾಯಿತು. ಅಜ್ಜಿಯ ಬಾಯಲ್ಲಿ ಯಾವ ಶಬ್ದ ಬರುತ್ತದೆಂಬುದೇ ಆಕೆಯ ತವರು ಯಾವ ಸೀಮೆಯದೆಂಬುದಕ್ಕೆ ಮೊದಲನೆಯ ಸುಳಿವು.

1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ಹೈದರಾಬಾದು ಸಂಸ್ಥಾನ, ಕೊಡಗು ಹಾಗೂ ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು, ಸಂಡೂರು ಮೊದಲಾದ ಚಿಕ್ಕ ಸಂಸ್ಥಾನಗಳಲ್ಲಿ ನಮ್ಮ ಹಿರಿಯರು ಬಾಳಿದರು. ರಾಜ್ಯಗಳ ಗಡಿಗಳು ಬೀಗತನಕ್ಕೆ ಅಡ್ಡಿಯಾಗಲಿಲ್ಲ. ಕಲಬುರಗಿಯ ಹೆಣ್ಣನ್ನು ಸೊಲ್ಲಾಪುರಕ್ಕೆ ಕೊಟ್ಟರು. ಬಳ್ಳಾರಿಯ ಮನೆತನ ಚಿತ್ರದುರ್ಗದ ಮನೆತನದೊಡನೆ ಕೊಡುಕೊಳ್ಳುವ ಸಂಬಂಧ ಬೆಳೆಸಿತು. ವ್ಯಾಪಾರಕ್ಕೆಂದು ಹೋದವರು ಸಾಂಗಲಿ, ಕೊಲ್ಲಾಪುರ, ಆದವಾನಿ, ಲಾತೂರುಗಳಲ್ಲಿ ಬೇರುಬಿಟ್ಟರು. ಈ ಗಡಿಗಳನ್ನು ಅನುದಿನವೂ ದಾಟುತ್ತಿದ್ದುದು ಟಪಾಲಿನ ಚೀಲ. ಆದುದರಿಂದಲೇ ಯಾವ ಚೀಟಿ ಅಂಟಿದೆಯೆಂಬುದು ಯಾವ ಮನೆ ಯಾರ ಸೀಮೆಯಲ್ಲಿತ್ತೆಂಬುದನ್ನು ಹೇಳುತ್ತದೆ.

ಚೀಟಿ ಹೇಳುವ ಕಾಲ

ಅಂಟಿನ ಅಂಚೆಚೀಟಿಯ ಇತಿಹಾಸ ಬಹು ಹಳೆಯದಲ್ಲ. 1840ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಖವಿದ್ದ ಕಪ್ಪು ಬಣ್ಣದ ಒಂದು ಪೆನ್ನಿಯ ಚೀಟಿ ಬಂದಿತು. ನಮ್ಮ ದೇಶದಲ್ಲಿ 1852ರ ಜುಲೈ 1ರಂದು ಸಿಂಧ್ ಪ್ರಾಂತದಲ್ಲಿ ಬಾರ್ಟಲ್ ಫ್ರಿಯರ್ ಎಂಬ ಅಧಿಕಾರಿ ಅರ್ಧ ಆಣೆಯ ಚೀಟಿಯನ್ನು ಬಳಕೆಗೆ ತಂದರು. ‘ಸಿಂಧ್ ಡಾಕ್’ ಎಂದು ಸಂಗ್ರಾಹಕರು ಹಂಬಲಿಸುವುದು ಇದನ್ನೇ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯವಾಗುವ ಚೀಟಿಗಳು 1854ರಲ್ಲಿ ಬಂದವು. ಬಡವರ ಮನೆಗೂ ಟಪಾಲು ನಿಜವಾಗಿ ತಲುಪಿದ್ದು 1879ರ ಜುಲೈ 1ರಂದು ಕಾಲು ಆಣೆಯ ಪೋಸ್ಟ್ ಕಾರ್ಡು ಬಂದ ಮೇಲೆ. 1880ರಲ್ಲಿ ಮನಿಆರ್ಡರ್ ಸೇವೆಯೂ, 1882ರಲ್ಲಿ ಅಂಚೆ ಉಳಿತಾಯ ಬ್ಯಾಂಕೂ ಅಂಚೆ ಕಚೇರಿಗೆ ಸೇರಿದವು.

ಕಾರ್ಡಿನ ಬೆಲೆಯೇ ಒಂದು ಪಂಚಾಂಗವಿದ್ದಂತೆ. ಮುದ್ರೆಯ ಮಸಿ ಹರಡಿ ವರ್ಷ ಓದಲಾಗದಿದ್ದರೂ ಬೆಲೆಯನ್ನು ನೋಡಿ ಕಾಲವನ್ನು ಅಂದಾಜು ಮಾಡಬಹುದು. ಕಾಲು ಆಣೆಯ ಕಾರ್ಡು 1879ರಿಂದ 1922ರವರೆಗಿನದು. 1922ರಲ್ಲಿ ಅದು ಅರ್ಧ ಆಣೆಯಾಯಿತು. 1931ರ ಕೊನೆಯಲ್ಲಿ ಮುಕ್ಕಾಲು ಆಣೆಗೆ, ಎಂದರೆ ಒಂಬತ್ತು ಪೈಗೆ ಏರಿತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂದುದರಿಂದ ಅಲ್ಲಿಂದ ಮುಂದೆ ನಯಾಪೈಸೆಯ ಲೆಕ್ಕ. ಇದರ ಜೊತೆಗೆ ಅರಸರ ಮುಖವನ್ನೂ ನೋಡಬೇಕು. ವಿಕ್ಟೋರಿಯಾ ರಾಣಿ 1901ರಲ್ಲಿ ತೀರಿಕೊಂಡರು. ಏಳನೆಯ ಎಡ್ವರ್ಡರ ಕಾಲ 1910ಕ್ಕೆ ಮುಗಿಯಿತು. ಐದನೆಯ ಜಾರ್ಜರದು 1936ಕ್ಕೆ. ಅನಂತರದ್ದು ಆರನೆಯ ಜಾರ್ಜರದು. ಸ್ವತಂತ್ರ ಭಾರತದ ಮೊದಲ ಚೀಟಿ ರಾಷ್ಟ್ರಧ್ವಜದ ಚಿತ್ರ ಹೊತ್ತು 1947ರ ನವೆಂಬರ್ 21ರಂದು ಬಂದಿತು. ಹಳೆಯ ದಾಸ್ತಾನು ಮುಗಿಯುವವರೆಗೆ ಹಿಂದಿನ ಅರಸರ ಚೀಟಿಗಳೂ ಬಳಕೆಯಲ್ಲಿರುತ್ತಿದ್ದವು. ಆದುದರಿಂದ ಮುಖವನ್ನು ನೋಡಿ ಇದಕ್ಕಿಂತ ಹಿಂದಿನದಲ್ಲ ಎನ್ನಬಹುದೇ ಹೊರತು, ಇದೇ ವರ್ಷದ್ದೆಂದು ನಿರ್ಧರಿಸಲಾಗದು.

ನಮ್ಮ ಹಿರಿಯರು ಕಾಗದದ ತಲೆಯಲ್ಲಿ ಇಸವಿಯನ್ನು ಬರೆಯದೆ ಸಂವತ್ಸರದ ಹೆಸರನ್ನೂ ಮಿತಿಯನ್ನೂ ಬರೆಯುತ್ತಿದ್ದರು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ‘ಪ್ರಭವ’ ಎಂದು ಬರೆದ ಕಾಗದವು 1867ರದೂ ಆಗಬಹುದು, 1927ರದೂ ಆಗಬಹುದು, 1987ರದೂ ಆಗಬಹುದು. ಅಜ್ಜನದೋ ಮುತ್ತಜ್ಜನದೋ ಎಂಬ ಸಂದೇಹ ಹುಟ್ಟುವುದು ಇಲ್ಲಿಯೇ. ಆದರೆ ಅದು ಪೋಸ್ಟ್ ಕಾರ್ಡಾಗಿದ್ದರೆ 1867ರದಂತೂ ಅಲ್ಲ, ಏಕೆಂದರೆ ಆಗ ಕಾರ್ಡೇ ಇರಲಿಲ್ಲ. ಅದರ ಮೇಲೆ ಅರ್ಧ ಆಣೆಯ ಬೆಲೆಯೂ ಐದನೆಯ ಜಾರ್ಜರ ಮುಖವೂ ಇದ್ದರೆ 1927ನೆಯ ಇಸವಿಯೆಂದು ನಿಶ್ಚಿತವಾಗುತ್ತದೆ. ಒಂದು ಇಡೀ ತಲೆಮಾರಿನ ತಪ್ಪೆಣಿಕೆಯನ್ನು ಅರ್ಧ ಆಣೆಯ ಗುರುತು ತಿದ್ದಬಲ್ಲದು.

ನಿಜಾಮರ ಸೀಮೆಯ ಕಾಗದಗಳು

ಬೀದರ, ಕಲಬುರಗಿ, ರಾಯಚೂರು ಭಾಗದ ಮನೆಗಳಲ್ಲಿ ದೊರೆಯುವ ಕಾಗದಗಳಿಗೆ ವಿಶೇಷ ಮಹತ್ವವಿದೆ. ಹೈದರಾಬಾದು ಸಂಸ್ಥಾನವು 1869ರಿಂದ ತನ್ನದೇ ಚೀಟಿಗಳನ್ನು ಅಚ್ಚುಹಾಕಿಸಿತು. ಈ ಚೀಟಿಗಳಿಗೆ ಸಂಸ್ಥಾನದ ಒಳಗೆ ಮಾತ್ರ ಬೆಲೆ. ಗಡಿಯಾಚೆ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಬರೆಯಬೇಕಾದರೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕಾಗುತ್ತಿತ್ತು. ಆದುದರಿಂದ ನಿಜಾಮರ ಚೀಟಿಯೊಂದನ್ನೇ ಹೊತ್ತು ಬಂದ ಲಕೋಟೆಯಾದರೆ ಬರೆದವರೂ ಪಡೆದವರೂ ಇಬ್ಬರೂ ಆ ಸಂಸ್ಥಾನದೊಳಗೇ ಇದ್ದರೆಂದು ತಿಳಿಯಬಹುದು. ಅದೇ ಮನೆಯ ಕಟ್ಟಿನಲ್ಲಿ ಬ್ರಿಟಿಷ್ ಚೀಟಿಯ ಕಾಗದಗಳೂ ಸೇರಿದ್ದರೆ ಗಡಿಯಾಚೆಗೆ ಬೀಗರೋ ವ್ಯವಹಾರವೋ ಇತ್ತೆಂದು ಊಹಿಸಬಹುದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬಳಿಕ ಸಂಸ್ಥಾನವು ಭಾರತದಲ್ಲಿ ಸೇರಿ, 1950ರಲ್ಲಿ ಅದರ ಅಂಚೆಯೂ ಭಾರತದ ಅಂಚೆಯೊಡನೆ ಒಂದಾಯಿತು.

ಈ ಸೀಮೆಯ ಹಳೆಯ ಪತ್ರಗಳಲ್ಲಿ ಫಸಲಿ ಇಸವಿಯನ್ನು ಕಂಡು ಗಾಬರಿಪಡಬೇಕಾಗಿಲ್ಲ. ಅದಕ್ಕೆ 590ನ್ನು ಕೂಡಿಸಿದರೆ ಕ್ರಿಸ್ತಶಕದ ವರ್ಷ ಬರುತ್ತದೆ. ಫಸಲಿ 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗಿನ ಅವಧಿ. ಸಂಸ್ಥಾನದ ಜನ ತಲ್ಲಣದಲ್ಲಿ ದಿನ ಕಳೆದ ವರ್ಷವದು. ಎಷ್ಟೋ ಕುಟುಂಬಗಳು ಆಗ ಗಡಿ ದಾಟಿ ಮುಂಬಯಿ ಪ್ರಾಂತದ ನೆಂಟರಲ್ಲಿ ಆಶ್ರಯ ಪಡೆದವು. ಆ ವರ್ಷದ ಕಾಗದಗಳಲ್ಲಿ ವಿಳಾಸ ಥಟ್ಟನೆ ಬದಲಾಗಿ, ‘ಕೇರಾಫ್’ ಎಂದು ಇನ್ನೊಬ್ಬರ ಹೆಸರು ಕಂಡುಬಂದರೆ ಅದನ್ನು ನಿರ್ಲಕ್ಷಿಸಬಾರದು. ಸಂಕಟದ ದಿನಗಳಲ್ಲಿ ಯಾರು ಯಾರಿಗೆ ಬಾಗಿಲು ತೆರೆದರೆಂಬುದಕ್ಕೆ ಆ ಒಂದು ಸಾಲೇ ದಾಖಲೆ.

ಒಂದು ಕಾರ್ಡನ್ನು ಓದುವ ಬಗೆ

ಓದುಗರ ತಿಳುವಳಿಕೆಗಾಗಿ ಒಂದು ಕಾರ್ಡನ್ನು ಕಲ್ಪಿಸಿಕೊಳ್ಳೋಣ. ತಲೆಯಲ್ಲಿ ‘ಶ್ರೀ ವೀರಭದ್ರೇಶ್ವರ ಪ್ರಸನ್ನ’ ಎಂದಿದೆ. ಅದರ ಕೆಳಗೆ ಪ್ರಭವ ಸಂವತ್ಸರ, ಆಷಾಢ ಮಾಸದ ಮಿತಿ. ‘ತೀರ್ಥರೂಪ ಅಪ್ಪನವರ ಪಾದಗಳಿಗೆ’ ಎಂದು ಆರಂಭ. ಕ್ಷೇಮಸಮಾಚಾರದ ಬಳಿಕ, ಪಂಚಮಿಗೆ ಕರೆಯಲು ಅಣ್ಣನನ್ನು ಯಾವಾಗ ಕಳಿಸುವಿರೆಂಬ ಪ್ರಶ್ನೆ. ಕೊನೆಯಲ್ಲಿ ಹೆಣ್ಣುಮಗಳೊಬ್ಬಳ ಹೆಸರು. ವಿಳಾಸದಲ್ಲಿ ‘ಮು.ಪೋ.’ ಎಂದು ಊರಿನ ಹೆಸರು, ತಾಲೂಕು ಬಾಗೇವಾಡಿ, ಜಿಲ್ಲಾ ವಿಜಾಪುರ. ಅರ್ಧ ಆಣೆಯ ಗುರುತಿನ ಮೇಲೆ ಸೊಲ್ಲಾಪುರದ ಮುದ್ರೆ. ಪಕ್ಕದಲ್ಲಿ ಎರಡು ದಿನಗಳ ಅನಂತರದ ಇನ್ನೊಂದು ಮುದ್ರೆ.

ಈಗ ಒಂದೊಂದನ್ನೇ ಬಿಡಿಸಿ ನೋಡೋಣ. ತಲೆಯಲ್ಲಿರುವ ದೈವವು ಬರೆದವರ ಮನೆದೇವರನ್ನು ಸೂಚಿಸಬಹುದು. ಒಂದು ಮನೆಯಲ್ಲಿ ವೀರಭದ್ರೇಶ್ವರ, ಇನ್ನೊಂದರಲ್ಲಿ ಕೊಟ್ಟೂರೇಶ್ವರ, ಮತ್ತೊಂದರಲ್ಲಿ ಶ್ರೀಶೈಲ ಮಲ್ಲಿಕಾರ್ಜುನ, ತುಮಕೂರಿನ ಕಡೆ ಯಡಿಯೂರು ಸಿದ್ಧಲಿಂಗೇಶ್ವರ. ಮನೆದೇವರು, ಮಠ, ಬೆಡಗು ಇವು ಕೂಡಿಬಂದರೆ ಎರಡು ಮನೆತನಗಳು ಮೂಲದಲ್ಲಿ ಒಂದೇ ಹೌದೋ ಅಲ್ಲವೋ ಎಂಬ ವಿಚಾರಕ್ಕೆ ದಾರಿಯಾಗುತ್ತದೆ. ಎರಡು ಮುದ್ರೆಗಳಲ್ಲಿ ಚೀಟಿಯನ್ನು ರದ್ದುಮಾಡಿದ್ದು ಹೊರಟ ಊರಿನದು; ಇನ್ನೊಂದು ತಲುಪಿದ ಕಚೇರಿಯದು. ಲಕೋಟೆಯಾದರೆ ತಲುಪಿದ ಮುದ್ರೆ ಸಾಮಾನ್ಯವಾಗಿ ಬೆನ್ನಿನ ಮೇಲಿರುತ್ತದೆ. ಮುದ್ರೆಯ ಊರು ಬರೆದವರ ಹಳ್ಳಿಯೇ ಆಗಿರಬೇಕೆಂಬ ನಿಯಮವಿಲ್ಲ. ಸಮೀಪದ ದೊಡ್ಡ ಊರಿನ ಕಚೇರಿಯೂ ಆಗಿರಬಹುದು, ರೈಲಿನಲ್ಲಿಯೇ ಟಪಾಲನ್ನು ವಿಂಗಡಿಸುವ ಆರ್.ಎಂ.ಎಸ್. ವಿಭಾಗದ್ದೂ ಆಗಿರಬಹುದು.

ಹೆಣ್ಣುಮಗಳ ಹೆಸರಿನಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯಿದೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಮದುವೆಯಲ್ಲಿ ವಧುವಿನ ಹೆಸರನ್ನು ಬದಲಿಸುವ ವಾಡಿಕೆಯಿತ್ತು. ತವರಿನಲ್ಲಿ ನೀಲವ್ವನಾದವಳು ಗಂಡನ ಮನೆಯಲ್ಲಿ ಪಾರ್ವತೆವ್ವನಾಗುತ್ತಿದ್ದಳು. ಹೊಲಮನೆಯ ಕಾಗದಪತ್ರಗಳಲ್ಲಿ ಪಾರ್ವತೆವ್ವ, ತವರಿನವರ ನೆನಪಿನಲ್ಲಿ ನೀಲವ್ವ. ಇವರಿಬ್ಬರೂ ಒಬ್ಬರೇ ಎಂದು ತಿಳಿಯದೆ ಮೊಮ್ಮಕ್ಕಳ ಕಾಲಕ್ಕೆ ಎಳೆ ಕಡಿದುಹೋಗುತ್ತದೆ. ಆದರೆ ಮಗಳು ತಂದೆಗೆ ಬರೆದ ಕಾಗದದಲ್ಲಿ ತವರಿನ ಹೆಸರನ್ನೇ ಬರೆಯುತ್ತಿದ್ದಳು. ತಂದೆ ಮಗಳಿಗೆ ಬರೆದ ಲಕೋಟೆಯ ಮೇಲೆ ಅಳಿಯನ ಹೆಸರೂ ಊರೂ, ಒಳಗೆ ಚಿ.ಸೌ. ನೀಲವ್ವನಿಗೆ ಎಂಬ ಸಂಬೋಧನೆಯೂ ಇರುತ್ತಿದ್ದವು. ಎರಡು ಹೆಸರುಗಳನ್ನು ಬೆಸೆಯುವ ಕೊಂಡಿ ಬೇರೆ ಯಾವ ದಾಖಲೆಯಲ್ಲಿಯೂ ಇಷ್ಟು ಸ್ಪಷ್ಟವಾಗಿ ಸಿಗಲಾರದು. ಲಕೋಟೆಯನ್ನು ಎಸೆದು ಕಾಗದವನ್ನು ಮಾತ್ರ ಇಟ್ಟುಕೊಂಡರೂ, ಕಾಗದವನ್ನು ಎಸೆದು ಚೀಟಿಯನ್ನು ಮಾತ್ರ ಇಟ್ಟುಕೊಂಡರೂ ಆ ಕೊಂಡಿ ಕಳಚಿತೆಂದೇ ತಿಳಿಯಬೇಕು.

ಪಂಚಮಿಯ ಮಾತನ್ನು ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ. ಶ್ರಾವಣದ ನಾಗರಪಂಚಮಿಗೆ ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯುವುದು ನಮ್ಮ ನಾಡಿನ ಹೆಣ್ಣುಮಕ್ಕಳ ವರ್ಷದ ಆಸೆ. ಆದಕಾರಣ ಹಳೆಯ ಕಟ್ಟು ದೊರೆತಾಗ ಜುಲೈ ಮತ್ತು ಆಗಸ್ಟ್ ತಿಂಗಳ ಮುದ್ರೆಯಿರುವ ಕಾಗದಗಳನ್ನು ಮೊದಲು ಬೇರೆ ತೆಗೆದಿಡಿರಿ. ಕೊಟ್ಟ ಹೆಣ್ಣುಮಕ್ಕಳ ಊರುಗಳನ್ನು ಪತ್ತೆಹಚ್ಚಲು ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ. ಕುಬಸದ ಕರೆ, ಬಾಣಂತನದ ಸುದ್ದಿ, ತೊಟ್ಟಿಲ ಕಾರ್ಯದ ಆಮಂತ್ರಣ ಇವು ಎರಡನೆಯ ಗುಂಪು. ಇವುಗಳಿಂದ ಮಕ್ಕಳ ಹುಟ್ಟಿನ ಕಾಲ ತಿಳಿಯುತ್ತದೆ. ಅರಿಸಿನ ಸವರಿದ ಮೂಲೆಯ ಲಗ್ನಪತ್ರಿಕೆಗಳು ಮೂರನೆಯ ಗುಂಪು. ಇವುಗಳಲ್ಲಿ ಎರಡೂ ಮನೆತನಗಳ ಹಿರಿಯರ ಹೆಸರುಗಳು ಸಾಲಾಗಿ ಅಚ್ಚಾಗಿರುತ್ತವೆ.

ಒಂದು ಬಗೆಯ ಕಾಗದ ಮಾತ್ರ ಕಟ್ಟಿನಲ್ಲಿ ಸಿಗುವುದು ಅಪರೂಪ. ಸಾವಿನ ಸುದ್ದಿಯ ಪತ್ರವನ್ನು ಓದಿದ ಕೂಡಲೇ ಹರಿದುಹಾಕುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಅದನ್ನು ಮನೆಯಲ್ಲಿ ಇರಗೊಡುತ್ತಿರಲಿಲ್ಲ. ಆದಕಾರಣ ಹಿರಿಯರು ಲಿಂಗೈಕ್ಯರಾದ ಕಾಲವನ್ನು ಪರೋಕ್ಷವಾಗಿ ಕಂಡುಕೊಳ್ಳಬೇಕಾಗುತ್ತದೆ. ವರ್ಷಗಟ್ಟಲೆ ತಂದೆಯ ಹೆಸರಿಗೆ ಬರುತ್ತಿದ್ದ ಟಪಾಲು ಯಾವ ತಿಂಗಳಿನಿಂದ ಹಿರಿಯ ಮಗನ ಹೆಸರಿಗೆ ಬರತೊಡಗಿತು, ಯಾವ ಪತ್ರದಲ್ಲಿ ಹೆಸರಿನ ಹಿಂದೆ ‘ಲಿಂ.’ ಎಂಬ ಅಕ್ಷರ ಮೊದಲ ಬಾರಿಗೆ ಸೇರಿತು ಎಂಬುದನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಹರಿದುಹೋದ ಪತ್ರವೂ ಉಳಿದ ಪತ್ರಗಳ ನಡುವಿನ ಬಿಡುವಿನಲ್ಲಿ ತನ್ನ ಗುರುತನ್ನು ಬಿಟ್ಟಿರುತ್ತದೆ.

ಹೆಬ್ಬೆಟ್ಟಿನ ಗುರುತು

ಕಾಗದಗಳಿಗಿಂತ ಚಿಕ್ಕದಾದ, ಆದರೆ ಅಷ್ಟೇ ಬೆಲೆಯುಳ್ಳ ಇನ್ನೊಂದು ವಸ್ತು ಮನಿಆರ್ಡರಿನ ತುಣುಕು. ಹಣ ಕಳಿಸಿದವರು ನಾಲ್ಕು ಮಾತು ಬರೆಯಲು ಅದರಲ್ಲಿ ಸ್ಥಳವಿರುತ್ತಿತ್ತು. ಆ ಭಾಗವನ್ನು ಹರಿದು ಹಣ ಪಡೆದವರಿಗೆ ಕೊಡುತ್ತಿದ್ದರು. ಹಣ ಮುಟ್ಟಿದ ಬಗ್ಗೆ ಪಡೆದವರ ರುಜುವೋ ಹೆಬ್ಬೆಟ್ಟಿನ ಗುರುತೋ ಇದ್ದ ಸ್ವೀಕೃತಿಯ ಚೀಟಿ ಕಳಿಸಿದವರಿಗೆ ಮರಳಿ ಬರುತ್ತಿತ್ತು. ಗಿರಣಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೋ ಮುಂಬಯಿಗೋ ಹೋದವರ ಪೆಟ್ಟಿಗೆಯ ತಳದಲ್ಲಿ ಇಂಥ ಚೀಟಿಗಳು ಉಳಿದಿರುವುದುಂಟು. ಅಕ್ಷರ ಕಲಿಯದ, ಭಾವಚಿತ್ರವನ್ನೂ ತೆಗೆಸಿಕೊಳ್ಳದ ಮುತ್ತಜ್ಜಿಯ ದೇಹದ ಏಕೈಕ ಗುರುತು ಆ ಮಸಿಯ ಹೆಬ್ಬೆಟ್ಟಿನಲ್ಲಿ ಇರಬಹುದು. ಅದನ್ನು ರದ್ದಿಗೆ ಹಾಕುವ ಮೊದಲು ಒಂದು ಗಳಿಗೆ ಯೋಚಿಸಬೇಡವೇ?

ಅಕ್ಷರ ಬಾರದವರ ಪರವಾಗಿ ಶಾಲೆಯ ಮಾಸ್ತರರೋ ಮಠದ ಅಯ್ಯನವರೋ ಕಾಗದ ಬರೆದುಕೊಡುತ್ತಿದ್ದ ಕಾಲವದು ಎಂಬುದನ್ನೂ ನೆನಪಿಡಬೇಕು. ಹತ್ತು ಮನೆಯ ಕಾಗದಗಳಲ್ಲಿ ಒಂದೇ ಕೈಬರಹ ಕಂಡರೆ ಅವೆಲ್ಲವೂ ಒಂದೇ ಮನೆಯವೆಂದು ಭ್ರಮಿಸಬಾರದು. ಹಾಗೆಯೇ ಬಂಧುವಾಚಕ ಶಬ್ದಗಳಲ್ಲಿಯೂ ಎಚ್ಚರಿಕೆ ಬೇಕು. ಕೆಲವು ಮನೆಗಳಲ್ಲಿ ತಂದೆಯನ್ನೇ ಅಣ್ಣ ಎಂದು ಕರೆಯುತ್ತಿದ್ದರು. ಸೋದರಮಾವನೇ ಹೆಣ್ಣು ಕೊಟ್ಟ ಮಾವನೂ ಆಗಿರುವ ಸಂದರ್ಭಗಳು ಅನೇಕ. ಮುತ್ಯಾ, ಕಾಕಾ, ಚಿಗವ್ವ ಎಂಬ ಮಾತುಗಳು ಉತ್ತರದ ಸೀಮೆಯನ್ನೂ, ತಾತ, ಚಿಕ್ಕಪ್ಪ, ಚಿಕ್ಕಮ್ಮ ಎಂಬ ಮಾತುಗಳು ಮೈಸೂರು ಸೀಮೆಯನ್ನೂ ಸೂಚಿಸುತ್ತವೆ. ಮನೆಯ ಹಿರಿಯರನ್ನು ಬಳಿಯಲ್ಲಿ ಕೂರಿಸಿಕೊಂಡೇ ಕಾಗದಗಳನ್ನು ಓದಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಊರಿನ ಹೆಸರೂ ಅಡ್ಡಹೆಸರೂ

ಸ್ವಂತ ಊರಿನಲ್ಲಿ ದೊಡ್ಡಮನಿ ಎಂದು ಕರೆಸಿಕೊಳ್ಳುತ್ತಿದ್ದ ಮನೆಯವರು ಹುಬ್ಬಳ್ಳಿಗೆ ಬಂದು ಅಂಗಡಿ ಇಟ್ಟರೆ ಜನ ಅವರನ್ನು ಬಿಟ್ಟುಬಂದ ಊರಿನ ಹೆಸರಿನಿಂದ ಕರೆಯತೊಡಗುತ್ತಿದ್ದರು. ಇಲ್ಲವೇ ಮಾಡುವ ಕಾಯಕದ ಹೆಸರು ಅಂಟಿಕೊಳ್ಳುತ್ತಿತ್ತು. ಅಣ್ಣತಮ್ಮಂದಿರ ಮಕ್ಕಳು ಎರಡು ಊರುಗಳಲ್ಲಿ ಎರಡು ಅಡ್ಡಹೆಸರಿನವರಾಗಿ, ಮೂರನೆಯ ತಲೆಮಾರಿಗೆ ಪರಸ್ಪರ ಅಪರಿಚಿತರಾಗುವುದು ಹೀಗೆ. ಮೈಸೂರು ಸೀಮೆಯಲ್ಲಿ ಅಡ್ಡಹೆಸರಿನ ಬದಲು ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬಳಸುವ ವಾಡಿಕೆಯಿರುವುದರಿಂದ ಗೊಂದಲ ಇನ್ನಷ್ಟು ಹೆಚ್ಚು. ಒಂದೇ ಮನೆಗೆ ಬಂದ ಲಕೋಟೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಅಡ್ಡಹೆಸರು ಬದಲಾದ ವರ್ಷವೇ ಕಣ್ಣಿಗೆ ಬೀಳುತ್ತದೆ.

ಊರುಗಳ ಹೆಸರೂ ಜಿಲ್ಲೆಗಳ ಗಡಿಯೂ ಬದಲಾಗಿವೆ. ಗದಗ, ಹಾವೇರಿಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು, ಬಾಗಲಕೋಟೆ ವಿಜಾಪುರ ಜಿಲ್ಲೆಯಲ್ಲಿತ್ತು, ಕೊಪ್ಪಳ ರಾಯಚೂರಿನಲ್ಲಿತ್ತು. ಯಾದಗಿರಿ 2009ರಲ್ಲಿ ಕಲಬುರಗಿಯಿಂದ, ವಿಜಯನಗರ 2021ರಲ್ಲಿ ಬಳ್ಳಾರಿಯಿಂದ ಬೇರೆಯಾದವು. ಬಳ್ಳಾರಿ ಜಿಲ್ಲೆಯ ಬಹುಭಾಗ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೂ ಮದ್ರಾಸಿನದು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರುಗಳಿಗೆ ಕನ್ನಡದ ರೂಪ ಬಂದ ಮೇಲೆ ಬೆಳಗಾಂ ಬೆಳಗಾವಿಯೂ, ಬಿಜಾಪುರ ವಿಜಯಪುರವೂ, ಗುಲ್ಬರ್ಗ ಕಲಬುರಗಿಯೂ ಆದವು. 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್‌ಕೋಡ್ ಜಾರಿಗೆ ಬಂದಿತು. ಪಿನ್‌ಕೋಡ್ ಇರುವ ಯಾವ ವಿಳಾಸವೂ ಅದಕ್ಕಿಂತ ಹಿಂದಿನದಲ್ಲ.

ಇನ್ನು ಕೆಲವು ಊರುಗಳು ನಕಾಶೆಯಲ್ಲಿಯೇ ಇಲ್ಲ. ತುಂಗಭದ್ರೆಯ ಹಿನ್ನೀರಿನಲ್ಲಿ, ಶರಾವತಿಯ ಹಿನ್ನೀರಿನಲ್ಲಿ, ಆಲಮಟ್ಟಿಯ ಹಿನ್ನೀರಿನಲ್ಲಿ ಹಳ್ಳಿಗಳೂ ಮಠಮಂದಿರಗಳೂ ಮುಳುಗಿವೆ. ಹಳೆಯ ಬಾಗಲಕೋಟೆಯ ಪೇಟೆಯೇ ಅರ್ಧ ನೀರು ಕಂಡಿತು. ಒಂದೇ ಓಣಿಯಲ್ಲಿ ಬಾಳಿದವರು ಪುನರ್ವಸತಿಯ ಬೇರೆ ಬೇರೆ ನೆಲೆಗಳಿಗೆ ಹಂಚಿಹೋದರು. ಅಂಥ ಊರಿನ ಅಂಚೆಯ ಮುದ್ರೆಯಿರುವ ಲಕೋಟೆಯೊಂದು ನಿಮ್ಮ ಮನೆಯಲ್ಲಿದ್ದರೆ, ನೀರಿನಡಿಯಲ್ಲಿರುವ ಊರೊಂದು ದುಂಡನೆಯ ಮಸಿಯ ಗುರುತಾಗಿ ನಿಮ್ಮ ಕೈಯಲ್ಲಿದೆಯೆಂದು ತಿಳಿಯಿರಿ.

ಸಮಾಜದ ಇತಿಹಾಸಕ್ಕೂ ಇದೇ ಸಾಮಗ್ರಿ

ಮನೆಯ ಕಾಗದಗಳು ಮನೆಯ ಕಥೆಯನ್ನಷ್ಟೇ ಹೇಳುವುದಿಲ್ಲ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ಮಠಗಳು ಊರೂರಿನಲ್ಲಿ ಉಚಿತ ಪ್ರಸಾದನಿಲಯಗಳನ್ನು ನಡೆಸಿದವು. ಅಲ್ಲಿ ಓದಿದ ಹುಡುಗರು ಊರಿಗೆ ಬರೆದ ಕಾರ್ಡುಗಳಲ್ಲಿ ಆ ಕಾಲದ ವಿದ್ಯಾಭ್ಯಾಸ, ಊಟ, ಶುಲ್ಕ, ಬರಗಾಲಗಳ ಚಿತ್ರವಿದೆ. ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಇಂಥ ಪತ್ರಿಕೆಗಳ ಮೇಲೆ ಸುತ್ತಿ ಬರುತ್ತಿದ್ದ ವಿಳಾಸದ ಪಟ್ಟಿ ಉಳಿದಿದ್ದರೆ, ಯಾವ ಹಳ್ಳಿಯ ಯಾವ ಮನೆಯಲ್ಲಿ ವಚನ ಸಾಹಿತ್ಯದ ಓದುಗರಿದ್ದರೆಂಬುದು ಗೊತ್ತಾಗುತ್ತದೆ. ಭಾರತೀಯ ಅಂಚೆಯು 1967ರ ಮೇ 11ರಂದು ಬಸವೇಶ್ವರರ ಸ್ಮರಣೆಯ 15 ಪೈಸೆಯ ಚೀಟಿಯನ್ನೂ, 1977ರ ಅಕ್ಟೋಬರ್ 23ರಂದು ಕಿತ್ತೂರು ರಾಣಿ ಚೆನ್ನಮ್ಮನ ಚೀಟಿಯನ್ನೂ ಹೊರತಂದಿತು. ಬಿಡಿ ಚೀಟಿಗಳು ಸಂಗ್ರಾಹಕರಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಬಸವಣ್ಣನವರ ಚೀಟಿಯನ್ನು ಹಚ್ಚಿ ನಿಮ್ಮ ಅಜ್ಜ ನಿಮ್ಮ ಅಜ್ಜಿಯ ತವರಿಗೆ ಬರೆದ ಲಕೋಟೆ ಜಗತ್ತಿನಲ್ಲಿ ಒಂದೇ ಒಂದು.

ಕಾಪಾಡುವ ಕ್ರಮ

ಹಳೆಯ ಕಟ್ಟು ಕೈಗೆ ಬಂದಾಗ ಅನುಸರಿಸಬೇಕಾದ ಕ್ರಮ ಕಷ್ಟದ್ದೇನಲ್ಲ. ಮೊದಲನೆಯದಾಗಿ, ಚೀಟಿಯನ್ನು ಬಿಡಿಸಬಾರದು, ಕತ್ತರಿಸಲೂಬಾರದು. ಯಾವ ಕಾಗದ ಯಾವ ಲಕೋಟೆಯಲ್ಲಿತ್ತೋ ಅದರಲ್ಲಿಯೇ ಇರಲಿ. ಎರಡನೆಯದಾಗಿ, ತಂತಿಗೆ ಚುಚ್ಚಿದ ಕಾಗದಗಳು ಕಾಲಕ್ರಮದಲ್ಲಿ ಒಂದರ ಮೇಲೊಂದು ಇರುವುದರಿಂದ ಅವುಗಳನ್ನು ತೆಗೆಯುವಾಗಲೇ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಸಣ್ಣದಾಗಿ ಕ್ರಮಸಂಖ್ಯೆ ಹಾಕಿರಿ. ತಾರೀಖಿಲ್ಲದ ಕಾಗದದ ಕಾಲವನ್ನು ಅದರ ಅಕ್ಕಪಕ್ಕದ ಕಾಗದಗಳೇ ಹೇಳುತ್ತವೆ. ಮೂರನೆಯದಾಗಿ, ಹರಿದಲ್ಲಿ ಸೆಲೋಟೇಪು ಹಚ್ಚಬೇಡಿರಿ, ಲ್ಯಾಮಿನೇಷನ್ ಮಾಡಿಸಬೇಡಿರಿ. ಇವೆರಡರಿಂದಲೂ ಕಾಗದ ಕಂದಿ ಹಾಳಾಗುತ್ತದೆ. ತುಕ್ಕು ಹಿಡಿಯುವ ಗುಂಡುಸೂಜಿ, ಪಿನ್ನುಗಳನ್ನು ತೆಗೆದುಹಾಕಿರಿ. ಬಿಸಿಲು, ತೇವ, ಗೆದ್ದಲು ತಾಗದ ಪೆಟ್ಟಿಗೆಯಲ್ಲಿ, ಆಮ್ಲರಹಿತ ಕಾಗದದ ನಡುವೆ ಇರಿಸಿರಿ.

ಅನಂತರ ಒಂದು ದೊಡ್ಡ ವಹಿಯಲ್ಲಿ ಆರು ಅಂಕಣಗಳನ್ನು ಹಾಕಿರಿ: ಹೊರಟ ಊರು, ಸೇರಿದ ಊರು, ತಾರೀಖು, ಬರೆದವರು, ಪಡೆದವರು, ಕಾಗದದಲ್ಲಿ ಹೆಸರು ಬಂದ ಇತರರು. ಮುದ್ರೆಯ ಅಕ್ಷರಗಳು ಮಸುಕಾಗಿದ್ದರೆ ಓರೆಯಾಗಿ ಬೆಳಕು ಬೀಳುವಂತೆ ಹಿಡಿದು, ಭೂತಗನ್ನಡಿಯಿಂದ ನೋಡಬೇಕು. ಇಂದು ಪ್ರತಿಯೊಬ್ಬರ ಕೈಯಲ್ಲಿರುವ ಮೊಬೈಲಿನಿಂದ ಎರಡೂ ಬದಿಯ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ಕಣ್ಣಿಗೆ ಕಾಣದ ಅಕ್ಷರವೂ ಕೆಲವೊಮ್ಮೆ ಕಾಣುತ್ತದೆ. ಐವತ್ತು ಕಾಗದಗಳಷ್ಟು ಬರೆದ ಮೇಲೆ, ಹೆಳವರ ಪುಸ್ತಕದಿಂದಲೋ ಹಿರಿಯರ ಬಾಯಿಂದಲೋ ತಿಳಿದ ವಂಶವೃಕ್ಷದೊಡನೆ ಅದನ್ನು ಹೋಲಿಸಿ ನೋಡಿರಿ. ಹೊಸ ಹೆಸರುಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವೂ ಅವರ ಮಕ್ಕಳವೂ ಆಗಿರುವುದನ್ನು ನೀವೇ ಕಾಣುವಿರಿ. ಕಾಗದದಲ್ಲಿನ ಸಂಬಂಧವನ್ನು ಆ ಊರಿಗೇ ಹೋಗಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಕೊನೆಯ ಹೆಜ್ಜೆ. ಖಾಸಗಿ ಮನಸ್ತಾಪಗಳು, ಸಾಲಸೋಲಗಳು ಕಾಗದದಲ್ಲಿ ಕಂಡರೆ ಅವನ್ನು ಊರೆಲ್ಲ ಹಂಚಬಾರದೆಂಬ ವಿವೇಕವೂ ನಮಗಿರಬೇಕು. ತೀರಿಹೋದವರ ಮಾನ ಇಂದು ನಮ್ಮ ಕೈಯಲ್ಲಿದೆ.

ಮಕ್ಕಳನ್ನು ಈ ಕೆಲಸಕ್ಕೆ ತೊಡಗಿಸಲು ಪ್ರೋತ್ಸಾಹವೂ ಉಂಟು. ಆರರಿಂದ ಒಂಬತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಲ್ಲಿ ಅಂಚೆಚೀಟಿ ಸಂಗ್ರಹದ ಆಸಕ್ತಿ ಬೆಳೆಸಲು ಅಂಚೆ ಇಲಾಖೆಯು 2017ರಲ್ಲಿ ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನ ಯೋಜನೆಯನ್ನು ಆರಂಭಿಸಿತು; ಆಯ್ಕೆಯಾದವರಿಗೆ ವರ್ಷಕ್ಕೆ 6000 ರೂಪಾಯಿ. ‘ಕರ್ನಾಪೆಕ್ಸ್’ ಎಂಬ ರಾಜ್ಯಮಟ್ಟದ ಪ್ರದರ್ಶನಗಳಲ್ಲಿ ಹಳೆಯ ಲಕೋಟೆಗಳನ್ನೂ ಮುದ್ರೆಗಳನ್ನೂ ನೋಡುವ ಅವಕಾಶವಿರುತ್ತದೆ. ದೇಶವಿದೇಶಗಳ ಚೀಟಿಗಳನ್ನು ಕೊಂಡು ತುಂಬಿಸುವ ಪುಸ್ತಕಕ್ಕಿಂತ, ತನ್ನ ಅಜ್ಜಿಯ ಊರಿಂದ ತನ್ನ ಊರಿಗೆ ಟಪಾಲು ಬಂದ ದಾರಿಯನ್ನು ತೋರಿಸುವ ಹತ್ತು ಲಕೋಟೆಗಳ ಪುಸ್ತಕ ಮಗುವಿಗೆ ಹೆಚ್ಚಿನದನ್ನು ಕಲಿಸುತ್ತದೆ.

ಕಾಲ ಬದಲಾಗಿದೆ. 2013ರ ಜುಲೈಯಲ್ಲಿ ತಂತಿ ಸಮಾಚಾರ ನಿಂತುಹೋಯಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಯಿತು. ಕ್ಷೇಮಸಮಾಚಾರವು ಈಗ ಮೊಬೈಲಿನಲ್ಲಿ ಬಂದು ಮೊಬೈಲಿನಲ್ಲಿಯೇ ಅಳಿದುಹೋಗುತ್ತದೆ. ಇನ್ನು ಮುಂದೆ ಇಂಥ ಕಾಗದಗಳು ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳುವುದೊಂದೇ ನಮಗಿರುವ ದಾರಿ. ಹಳೆಯ ಮನೆಯನ್ನು ಕೆಡವುವಾಗ, ಅಣ್ಣತಮ್ಮಂದಿರು ಪಾಲಾಗುವಾಗ, ಹಬ್ಬಕ್ಕೆಂದು ಅಟ್ಟವನ್ನು ಗುಡಿಸುವಾಗ ಈ ಕಟ್ಟುಗಳು ಮೊದಲು ಬೀದಿಗೆ ಬೀಳುತ್ತವೆ. ಹೊಲಮನೆಯ ಪತ್ರಗಳನ್ನು ಜೋಪಾನ ಮಾಡುವ ಕೈಗಳೇ ಹೆಣ್ಣುಮಕ್ಕಳ ಕಾಗದಗಳನ್ನು ಎಸೆಯುವುದು ನಮ್ಮ ಮನೆಗಳ ದುರ್ದೈವ. ಸ್ತ್ರೀಪುರುಷರಲ್ಲಿ ಭೇದವೆಣಿಸದ ಶರಣರ ಪರಂಪರೆಯವರು ನಾವೆಂದು ಹೇಳಿಕೊಳ್ಳುತ್ತೇವೆ. ನಮ್ಮ ವಂಶವೃಕ್ಷದಲ್ಲಿಯೂ ಆ ಮಾತು ನಿಜವಾಗಬೇಕಾದರೆ, ಬರುವ ಪಂಚಮಿಗೆ ಹೆಣ್ಣುಮಕ್ಕಳೆಲ್ಲರೂ ತವರಿಗೆ ಬಂದಾಗ ಆ ಕಟ್ಟನ್ನು ಅವರ ಮುಂದೆ ಬಿಚ್ಚಿರಿ. ಬಳ್ಳಿಯ ಉಳಿದರ್ಧವನ್ನು ಬರೆಸಬಲ್ಲವರು ಅವರೇ.